ಟಾರ್ಪಾಲಿನ ಒಳಗಿನ ಗಾಳಿ

ನನ್ನ ಗಂಡ ಕುಡಿದು ಸತ್ತವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮಾರನಹಳ್ಳಿಯಲ್ಲಿ ಯಾರನ್ನು ಕೇಳಿದರೂ ಬೇರೆ ಮಾತೇ ಸಿಗುತ್ತದೆ. ಅವರ ಮೂಳೆಯೊಳಗೆ ರಕ್ತ ಹುಟ್ಟುವ ಜಾಗವೇ ಬತ್ತಿಹೋಗಿತ್ತು. ಅದಕ್ಕೆ ಕಾರಣ ಬಣ್ಣ ತೆಳುಮಾಡಲು ಬೆರೆಸುವ ಥಿನ್ನರ್ ಎಂದು ನಾನು ನಂಬಿದ್ದೇನೆ. ನಂಬಿದ್ದೇನೆ ಎಂಬ ಪದವನ್ನು ಬೇಕೆಂದೇ ಬರೆಯುತ್ತಿದ್ದೇನೆ. ಗೊತ್ತಿದೆ ಎಂದು ಬರೆಯಲು ನನಗೂ ಆಸೆ. ಆದರೆ ನಾನು ಓದಿದ್ದು ಅಲ್ಲಿಯವರೆಗೆ ಹೋಗಲು ಬಿಡುವುದಿಲ್ಲ. ಎಲ್ಲಿಯವರೆಗೆ ಬಿಡುತ್ತದೋ ಅಲ್ಲಿಯವರೆಗಿನದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಅದರಲ್ಲಿ ಒಂದಕ್ಷರವನ್ನೂ ಯಾರಿಗೂ ಬಿಟ್ಟುಕೊಡುವುದಿಲ್ಲ.

ಶಿರಾಡಿ ಘಾಟಿ ಹತ್ತಿ ಮುಗಿಯುವಲ್ಲಿ, ಹೆದ್ದಾರಿಯ ಪಕ್ಕಕ್ಕೆ ನಮ್ಮ ಶೆಡ್ಡು. ಮುಂದೆ ಶೆಡ್ಡು, ಹಿಂದೆ ಮನೆ. ಗಂಡ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ಅವರ ತಮ್ಮ, ನನ್ನ ಮೈದುನ, ನೆಗ್ಗಿದ ತಗಡು ಬಡಿದು ಸರಿಮಾಡುವ ಟಿಂಕರಿಂಗ್ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ನಾವು ಮೂವರಲ್ಲದೆ ಅತ್ತೆ.

ಹೆತ್ತೂರು, ಹೊಂಗಡಹಳ್ಳದ ಕಡೆಯ ಎಸ್ಟೇಟಿನ ಜೀಪುಗಳು ನಮ್ಮಲ್ಲಿಗೆ ಬರುತ್ತಿದ್ದವು. ಕಾಫಿ ಕೊಯ್ಲಿನಲ್ಲಿ ಯಾವ ಎಸ್ಟೇಟಿನವರೂ ಜೀಪನ್ನು ಕೈಬಿಡುವುದಿಲ್ಲ. ಬೇಸಿಗೆಯಲ್ಲಿ ಗೊಬ್ಬರ, ನೀರು ಎಂದು ಓಡಾಟ. ಜಡಿಮಳೆ ಹಿಡಿದು ತೋಟದ ಕೆಲಸ ನಿಂತಾಗಲೇ ಜೀಪು ಖಾಲಿ, ಆಗಲೇ ಅದಕ್ಕೆ ಬಣ್ಣ. ಬಣ್ಣದ ಕೆಲಸಕ್ಕೆ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಬಣ್ಣ ಚಿಮ್ಮಿಸುವ ಗನ್ನಿನಿಂದ ಹೊಡೆದ ಹಸಿ ಬಣ್ಣಕ್ಕೆ ಘಟ್ಟದ ತೇವದ ಗಾಳಿ ತಾಗಿದರೆ ಸಾಕು, ಮೇಲೆ ಬೆಳ್ಳಗೆ ಮಂಕು ಕೂರುತ್ತದೆ. ಹಸಿರು ಜೀಪು ಮೈತುಂಬ ವಿಭೂತಿ ಬಳಿದುಕೊಂಡಂತೆ ಕಾಣುತ್ತದೆ. ಅದನ್ನು ತಪ್ಪಿಸಲು ನಮ್ಮವರು ಜೀಪಿನ ಸುತ್ತ ನಾಲ್ಕೂ ಕಡೆ ಟಾರ್ಪಾಲು ಇಳಿಬಿಟ್ಟು, ಸಂದುಗಳಿಗೆ ಗೋಣಿಚೀಲ ತುರುಕಿ, ಒಳಗೆ ದೊಡ್ಡ ಬಲ್ಬುಗಳನ್ನು ಹಾಕಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಮಳೆಯ ಗಾಳಿ ಒಳಗೆ ಬರುತ್ತಿರಲಿಲ್ಲ. ಒಳಗಿನ ಗಾಳಿ ಹೊರಗೂ ಹೋಗುತ್ತಿರಲಿಲ್ಲ. ಮೂಗಿಗೆ ಒಂದು ಒದ್ದೆ ಟವಲು ಕಟ್ಟಿಕೊಂಡು ದಿನವಿಡೀ ಅದರೊಳಗೆ ಇರುತ್ತಿದ್ದರು.

ಸಂಜೆ ಹೊರಗೆ ಬಂದಾಗ ಕಣ್ಣು ಕೆಂಪು, ಮಾತು ತೊದಲು, ಹೆಜ್ಜೆ ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಬೀಳುತ್ತಿತ್ತು. ಎದುರಿನ ಟೀ ಅಂಗಡಿಯಲ್ಲಿ ಕೂತ ಲಾರಿ ಡ್ರೈವರುಗಳು ಕೂಗುತ್ತಿದ್ದರು.

"ಏನ್ ಗುರುವೇ, ಇವತ್ತು ಎಷ್ಟ್ ಪ್ಯಾಕೆಟ್ಟು?"

"ನಂದು ಕಾಸಿಲ್ಲದ ಕಿಕ್ಕು ಕಣ್ರೋ ಮಾರಾಯ್ರಾ. ನೀವು ದುಡ್ಡು ಕೊಟ್ಟು ಏರಿಸ್ಕೊಳ್ತೀರಿ, ನಂಗೆ ಏರ್ಸಿ ಮೇಲೆ ಕೂಲಿನೂ ಕೊಡ್ತಾರೆ!"

ಎಲ್ಲರೂ ನಗುತ್ತಿದ್ದರು. ಅವರೂ ನಗುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಪೂಜೆ ಮಾಡದೆ ಬಾಯಿಗೆ ನೀರು ಹಾಕದ ಮನುಷ್ಯ ಸಾರಾಯಿ ಪ್ಯಾಕೆಟ್ಟನ್ನು ಕೈಯಲ್ಲೂ ಮುಟ್ಟಿದವರಲ್ಲ. ಮುಟ್ಟದವರಿಗೆ ಮಾತ್ರ ಹಾಗೆ ತಮಾಷೆ ಮಾಡುವ ಧೈರ್ಯ ಇರುತ್ತದೆ.

ಥಿನ್ನರಿಗೆ ನಮ್ಮ ಊರಲ್ಲಿ ಇನ್ನೊಂದು ಉಪಯೋಗವಿತ್ತು. ಮಳೆಗಾಲದಲ್ಲಿ ಇಂಬಳಗಳು ಕಾಲಿಗೆ ಹತ್ತಿ ರಕ್ತ ಹೀರುತ್ತವೆ. ಸುಣ್ಣ, ಹೊಗೆಸೊಪ್ಪು, ಸೀಮೆಎಣ್ಣೆ ಎಲ್ಲಕ್ಕಿಂತ ಥಿನ್ನರ್ ಜೋರು ಎಂದು ಯಾರೋ ಕಂಡುಕೊಂಡರು. ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಬೆಳಿಗ್ಗೆ ಬಾಟಲಿ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು. "ಒಂಚೂರು ಥಿನ್ನರ್ ಬುಡ್ರವ್ವ, ಇಂಬ್ಳ ಕಾಲೆಲ್ಲ ತಿಂದಾಕ್ಬುಟ್ಟವೆ." ನಮ್ಮವರು ಇಲ್ಲ ಎಂದವರಲ್ಲ. ಕೆಲಸ ಮುಗಿಸಿ ತಾವೂ ಅದರಲ್ಲೇ ಕೈ ತೊಳೆಯುತ್ತಿದ್ದರು, ಅದನ್ನೇ ಮೊಣಕಾಲಿನವರೆಗೆ ಸವರಿಕೊಂಡು ಹಳ್ಳದ ಕಡೆ ಹೋಗುತ್ತಿದ್ದರು.

ಮೊದಲು ತೊಡೆಯ ಮೇಲೆ ನೇರಳೆ ಬಣ್ಣದ ಕಲೆ ಕಂಡಿತು. ಎಲ್ಲೋ ತಾಗಿರಬೇಕು ಎಂದರು. ಆಮೇಲೆ ಹಲ್ಲುಜ್ಜಿ ಉಗುಳಿದಾಗ ನಿಲ್ಲದೆ ರಕ್ತ. ಶೆಡ್ಡಿನಿಂದ ಮನೆಯ ಮೆಟ್ಟಿಲು ಹತ್ತಲು ನಡುವೆ ನಿಲ್ಲುವಂತಾಯಿತು. ಸಕಲೇಶಪುರದಲ್ಲಿ ತೋರಿಸಿದೆವು, ಅಲ್ಲಿನ ಡಾಕ್ಟರು ಮಂಗಳೂರಿಗೆ ಬರೆದುಕೊಟ್ಟರು. ಬಸ್ಸಿನಲ್ಲಿ ಘಾಟಿ ಇಳಿಯುವಾಗ ನನ್ನ ಭುಜಕ್ಕೆ ಒರಗಿ, ಎದುರು ಬರುವ ಲಾರಿಗಳ ಬಣ್ಣ ನೋಡುತ್ತ, "ಅದು ನಾನ್ ಹೊಡ್ದಿದ್ದು, ನೋಡು" ಎಂದು ಒಂದೆರಡು ಸಲ ಹೇಳಿದರು.

ಆಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಡಾಕ್ಟರು ಒಳ್ಳೆಯವರು, ಕೂತು ಮಾತಾಡಿದರು. ಏನು ಕೆಲಸ ಎಂದರು. ಹೇಳಿದೆ. ಥಿನ್ನರ್ ಬಳಸುತ್ತಾರಾ ಎಂದರು. ಹೌದು ಎಂದೆ. ಅದನ್ನು ಚೀಟಿಯಲ್ಲಿ ಬರೆದುಕೊಂಡರು.

"ಅದರಿಂದಾನೂ ಆಗಿರಬಹುದು. ಖಚಿತವಾಗಿ ಹೇಳೋಕೆ ಆಗಲ್ಲಮ್ಮ."

ರಕ್ತ ಹಾಕಿಸಿದೆವು, ಹಾಕಿಸಿದ್ದು ಮೈಯಲ್ಲಿ ಉಳಿಯಲಿಲ್ಲ. ಮಳೆ ಹಿಂದೆಗೆದು ಕಾಫಿ ಹಣ್ಣಾಗುವ ಹೊತ್ತಿಗೆ ಅವರು ಇರಲಿಲ್ಲ.

ಹನ್ನೊಂದನೆಯ ದಿನ ನೆಂಟರೆಲ್ಲ ಊಟ ಮುಗಿಸಿ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಗಂಡನ ಚಿಕ್ಕಪ್ಪ ಮೆಲ್ಲಗೆ ಹೇಳುವವರಂತೆ ಎಲ್ಲರಿಗೂ ಕೇಳುವ ಹಾಗೆ ಅಂದರು.

"ಕುಡ್ತ ಯಾರನ್ ಬುಟ್ಟೈತೆ? ಈ ವಯಸ್ಗೆ ಹೋಗ್ಬುಟ್ಟ."

"ಅವ್ರು ಕುಡೀತಿರ್ಲಿಲ್ಲ ಮಾವ," ಎಂದೆ.

"ಅಯ್ಯೋ, ಅವ್ನೇ ಅಂತಿದ್ನಲ್ಲವ್ವ, ಕಾಸಿಲ್ಲದ ಕಿಕ್ಕು ಅಂತ!"

ಒಬ್ಬಿಬ್ಬರು ನಕ್ಕು, ಎಲ್ಲಿ ಕೂತಿದ್ದೇವೆ ಎಂದು ನೆನಪಾಗಿ ತಲೆ ತಗ್ಗಿಸಿದರು. ನಮ್ಮವರದೇ ತಮಾಷೆ ಅವರ ವಿರುದ್ಧ ಸಾಕ್ಷಿ ಹೇಳಿತು. ನಾನು ಅತ್ತೆಯ ಮುಖ ನೋಡಿದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, "ಹೋದೋನ್ ಹೋದ, ಬುಡಿ," ಎಂದರು. ಅಷ್ಟೇ.

ಕುಡಿತ ಎಂಬ ಕಾರಣ ಎಲ್ಲರಿಗೂ ಅನುಕೂಲವಾಗಿತ್ತು. ಸತ್ತವರದೇ ತಪ್ಪಾದರೆ ಉಳಿದವರು ಏನನ್ನೂ ಬದಲಿಸಬೇಕಿಲ್ಲ. ಬಣ್ಣದ ಕೆಲಸ ತಗಡಿನ ಕೆಲಸಕ್ಕಿಂತ ಹೆಚ್ಚು ಕೂಲಿ ತರುತ್ತಿತ್ತು. ಮೈದುನ ಅಣ್ಣನ ಗನ್ನು ಕೈಗೆತ್ತಿಕೊಂಡ. ಬೇಡ ಎಂದೆ.

"ನಾನು ಕುಡಿಯಲ್ವಲ್ಲ ಅತ್ಗೆ, ನಂಗೇನಾಯ್ತದೆ?" ಎಂದ.

ಅಣ್ಣ ಕುಡಿಯುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತನ್ನೇ ಹಿಡಿದುಕೊಂಡ, ಏಕೆಂದರೆ ಅದನ್ನು ಬಿಟ್ಟರೆ ಅವನು ಟಾರ್ಪಾಲಿನ ಒಳಗೆ ಹೇಗೆ ಹೋಗಬೇಕು? ಗಂಡನ ಹೆಸರಿಗೆ ಹತ್ತಿದ ಮಸಿಯನ್ನು ನಿಧಾನವಾಗಿಯಾದರೂ ತೊಳೆಯಬಹುದಿತ್ತು. ಮೈದುನನ ವಿಷಯದಲ್ಲಿ ನನಗೆ ಮುಂದಿನ ಮಳೆಗಾಲದೊಳಗೆ ಉತ್ತರ ಬೇಕಿತ್ತು.

ಸಕಲೇಶಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ನಿವೃತ್ತ ವಿಜ್ಞಾನದ ಮೇಷ್ಟ್ರು ಎಸ್‌ಟಿಡಿ ಬೂತು ಇಟ್ಟುಕೊಂಡಿದ್ದರು. ಆಗತಾನೇ ಅದರಲ್ಲಿ ಒಂದು ಕಂಪ್ಯೂಟರು ತಂದಿಟ್ಟು ಇಂಟರ್‌ನೆಟ್ ಎಂದು ಬೋರ್ಡು ಹಾಕಿದ್ದರು. ಹೋಗಿ ನಿಂತೆ.

"ಏನಮ್ಮ, ರಿಸಲ್ಟ್ ನೋಡ್ಬೇಕಾ?"

"ಅಲ್ಲ ಸಾರ್. ಥಿನ್ನರ್."

"ಥಿನ್ನರ್ ಬೇಕಾದ್ರೆ ಹಾರ್ಡ್‌ವೇರ್ ಅಂಗಡಿಗೆ ಹೋಗ್ಬೇಕು ತಾಯಿ, ಇಲ್ಲಿ ಮಾರೋದು ಬರೀ ಮಾತು."

"ಅದ್ರೊಳಗೆ ಏನೈತೆ, ಅದು ಮನುಷ್ಯರಿಗೆ ಏನ್ ಮಾಡ್ತೈತೆ, ಅದು ಬೇಕಿತ್ತು ಸಾರ್."

ಮೇಷ್ಟ್ರು ಕನ್ನಡಕ ಹಣೆಗೇರಿಸಿ ನೋಡಿ, ಒಂದು ಸ್ಟೂಲು ಎಳೆದು ಕೊಟ್ಟರು.

ನನ್ನದು ಎಸ್ಸೆಸ್ಸೆಲ್ಸಿ, ಅದೂ ಇಂಗ್ಲಿಷಿನಲ್ಲಿ ತೇಲಿ ಪಾಸಾದದ್ದು. ಮೇಷ್ಟ್ರು ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ಹುಡುಕುತ್ತಿದ್ದರು. ಒಂದು ಪುಟ ಬಿಚ್ಚಿಕೊಳ್ಳುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಸಿಕ್ಕಿದ್ದನ್ನು ಪ್ರಿಂಟು ಹಾಕಿಸಿ ಮನೆಗೆ ತಂದು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದೆ. ಒಂದು ಪುಟಕ್ಕೆ ವಾರ ಹಿಡಿದದ್ದುಂಟು. ತಿಳಿಯದ್ದರ ಕೆಳಗೆ ಗೆರೆ ಎಳೆದು, ಮುಂದಿನ ಸಂತೆಯ ದಿನ ಮತ್ತೆ ಮೇಷ್ಟ್ರ ಮುಂದೆ ಇಡುತ್ತಿದ್ದೆ.

ಥಿನ್ನರ್ ಒಂದು ವಸ್ತುವಲ್ಲ, ಹಲವು ದ್ರವಗಳನ್ನು ಕೂಡಿಸಿದ್ದು. ಅದರಲ್ಲಿ ಹೆಚ್ಚಾಗಿ ಇರುವುದು ಟಾಲೂಯೀನ್. ಅದನ್ನು ಉಸಿರಾಡಿದವರಿಗೆ ತಲೆ ತಿರುಗುತ್ತದೆ, ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ, ಅಮಲೇರಿದಂತಾಗುತ್ತದೆ. ಆ ಸಾಲುಗಳನ್ನು ಅಡುಗೆಮನೆಯಲ್ಲಿ ಮತ್ತೆ ಮತ್ತೆ ಓದಿದೆ. ನಮ್ಮವರನ್ನು ಕಾಣದ, ಮಾರನಹಳ್ಳಿಯ ಹೆಸರು ಕೇಳದ ಯಾರೋ ಅವರ ಒಂದೊಂದು ಸಂಜೆಯನ್ನೂ ಬರೆದಿಟ್ಟಿದ್ದರು.

ಆದರೆ ಅದೇ ಪುಟಗಳು ಇನ್ನೊಂದು ಮಾತನ್ನೂ ಹೇಳಿದವು. ಟಾಲೂಯೀನ್ ಮೂಳೆಯೊಳಗಿನ ರಕ್ತವನ್ನು ಹಾಳುಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ.

"ನಿನ್ನ ಕೇಸು ಬಿದ್ದುಹೋಯ್ತಲ್ಲಮ್ಮ," ಎಂದರು ಮೇಷ್ಟ್ರು. ವ್ಯಂಗ್ಯವಾಗಿ ಅಲ್ಲ, ಬೇಸರದಿಂದ.

"ಇನ್ನೂ ಓದೋದೈತೆ ಸಾರ್."

ಮುಂದೆ ಓದಿದಾಗ ಬೆಂಜೀನ್ ಸಿಕ್ಕಿತು. ಮೇಷ್ಟ್ರು ಅದರ ಆರು ಮೂಲೆಯ ಚಿತ್ರ ಬರೆದು, ಪಕ್ಕದಲ್ಲಿ ಟಾಲೂಯೀನಿನದನ್ನೂ ಬರೆದು ತೋರಿಸಿದರು. ಅಕ್ಕತಂಗಿಯರ ಹಾಗೆ ಕಾಣುತ್ತಿದ್ದವು, ಒಂದಕ್ಕೆ ಮಾತ್ರ ಒಂದು ಬಾಲ. ಬೆಂಜೀನ್ ಮೂಳೆಯೊಳಗೆ ಇಳಿದು ರಕ್ತ ಹುಟ್ಟುವುದನ್ನೇ ನಿಲ್ಲಿಸಬಲ್ಲದು ಎಂಬ ವಿಷಯದಲ್ಲಿ ಓದಿದವರಲ್ಲಿ ಜಗಳವೇ ಇಲ್ಲ. ಅಗ್ಗದ ಥಿನ್ನರಿನಲ್ಲಿ ಅದು ಬೆರೆತಿರುವುದುಂಟು ಎಂದೂ ಬರೆದಿದ್ದರು.

ನಮ್ಮದರಲ್ಲಿ ಬೆರೆತಿತ್ತೆ? ನಾವು ತರುತ್ತಿದ್ದುದು ಡ್ರಮ್ಮಿನಿಂದ ಬಗ್ಗಿಸಿ ಕೊಡುವ ಬಿಡಿ ಥಿನ್ನರ್, ಮೇಲೆ ಚೀಟಿಯೂ ಇಲ್ಲ, ಹೆಸರೂ ಇಲ್ಲ. ಅಂಗಡಿಯವರನ್ನು ಕೇಳಿದೆ.

"ಥಿನ್ನರಲ್ಲಿ ಥಿನ್ನರ್ ಇರ್ತೈತೆ ಕಣಮ್ಮ, ಇನ್ನೇನು ಹಾಲಿರ್ತದಾ?"

ಪರೀಕ್ಷೆ ಮಾಡಿಸಬೇಕೆಂದು ಒಂದು ಬಾಟಲಿ ತುಂಬಿಸಿಕೊಂಡು ಕೆಲವು ಕಚೇರಿಗಳಿಗೆ ಅಲೆದೆ. ಇದು ನಮ್ಮ ವಿಭಾಗವಲ್ಲ ಎಂದು ಎಲ್ಲರೂ ಮರ್ಯಾದೆಯಿಂದಲೇ ಹೇಳಿದರು.

ಓದು ನನ್ನ ಮಾತಿಗೆಲ್ಲ ತಲೆದೂಗಲಿಲ್ಲ ಎಂಬುದನ್ನೂ ಹೇಳಬೇಕು. ಇಂಬಳಕ್ಕೆ ಸವರಿಕೊಂಡದ್ದೇ ಅವರನ್ನು ಕೊಂದಿತು ಎಂದು ಶುರುವಿನಲ್ಲಿ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಮನೆಮನೆಗೆ ಹೋಗಿ ಬಾಗಿಲ ಸಂದಿಯ ಬಾಟಲಿಗಳನ್ನೆಲ್ಲ ಕಿತ್ತುಕೊಂಡು ಬಂದಿದ್ದೆ. "ಗಂಡ ಕೊಡ್ತಿದ್ದ, ಇವ್ಳು ಕಿತ್ಕೊಳ್ತಾಳೆ," ಎಂದು ಬೈಸಿಕೊಂಡಿದ್ದೆ. ಆಮೇಲೆ ಓದಿದರೆ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಆದರೆ ದೊಡ್ಡ ದಾರಿ ಉಸಿರು ಎಂದಿತ್ತು. ನನಗೆ ಸಿಟ್ಟು ಬಂತು. ಬಾಟಲಿಯನ್ನು ಕಿತ್ತುಕೊಳ್ಳುವುದು ಸುಲಭವಾಗಿತ್ತು. ಟಾರ್ಪಾಲನ್ನು ಕೀಳುವುದು ಹೇಗೆ, ಅದು ನಮ್ಮ ಅನ್ನ. ಆದರೆ ನನಗೆ ಬೇಕಾದ್ದನ್ನು ಮಾತ್ರ ಒಪ್ಪಿಕೊಂಡರೆ, ಕುಡಿತ ಎಂದವರಿಗೂ ನನಗೂ ಏನು ವ್ಯತ್ಯಾಸ? ಒಪ್ಪಿಕೊಂಡೆ. ಬಾಟಲಿಗಳನ್ನು ಮಾತ್ರ ವಾಪಸು ಕೊಡಲಿಲ್ಲ.

ಆ ಸಂಶೋಧನೆಗಳು ದೊಡ್ಡ ಕಾರ್ಖಾನೆಗಳಲ್ಲಿ, ಗಾಳಿಯನ್ನು ಯಂತ್ರವಿಟ್ಟು ಅಳೆದು ಮಾಡಿದಂಥವು. ನಮ್ಮ ಟಾರ್ಪಾಲಿನೊಳಗೆ ಯಾರು ಯಂತ್ರ ಇಟ್ಟಿದ್ದರು? ಆಧಾರವಿಲ್ಲ ಎಂಬ ಮಾತು ಬಂದಾಗಲೆಲ್ಲ ನಾನು ಮೇಷ್ಟ್ರನ್ನು ಕೇಳುತ್ತಿದ್ದೆ: ಹುಡುಕಿ ಸಿಗಲಿಲ್ಲವೋ, ಹುಡುಕಲೇ ಇಲ್ಲವೋ? ಮೊದಮೊದಲು ಅವರು, "ವಿಜ್ಞಾನದಲ್ಲಿ ಹಾಗೆಲ್ಲ ಜಗಳ ಆಡೋ ಹಾಗಿಲ್ಲಮ್ಮ," ಎನ್ನುತ್ತಿದ್ದರು. ಬರಬರುತ್ತ ಪ್ರಿಂಟು ಕೈಗೆ ಬಂದ ಕೂಡಲೇ ಅವರೇ ಆ ಸಾಲು ಹುಡುಕಿ, "ಇಲ್ಲಿ ಹುಡುಕಿದಾರೆ," ಅಥವಾ "ಇಲ್ಲಿ ಹುಡುಕಿಲ್ಲ," ಎಂದು ಓದಿ ಹೇಳತೊಡಗಿದರು. ಇನ್ನಷ್ಟು ಸಂಶೋಧನೆ ಬೇಕು ಎಂದು ಹೆಚ್ಚಿನ ಲೇಖನಗಳು ಮುಗಿಯುತ್ತಿದ್ದವು. ಬರೆದವರಿಗೆ ಅದು ಪ್ರಾಮಾಣಿಕ ಮಾತೇ ಇರಬಹುದು. ಬೇಕಾದರೆ ಮಾಡಲಿ. ಅದು ಮುಗಿಯುವವರೆಗೆ ನನ್ನ ಮೈದುನ ಯಾಕೆ ಅದರೊಳಗೆ ನಿಲ್ಲಬೇಕು?

ಒಂದು ಪುಟದಲ್ಲಿ ಸಣ್ಣ ವಿಷಯವೊಂದಿತ್ತು. ಉಸಿರಿನಲ್ಲಿ ಒಳಗೆ ಹೋದ ಈ ದ್ರವಗಳಲ್ಲಿ ಒಂದು ಪಾಲು ಬದಲಾಗದೆ, ಹಾಗೆಯೇ ಉಸಿರಿನಲ್ಲಿ ಹೊರಗೆ ಬರುತ್ತದೆ. ನಾನು ಅದಕ್ಕೆ ಎರಡು ಗೆರೆ ಎಳೆದೆ.

ಮತ್ತೆ ಮಳೆಗಾಲ ಬಂತು. ಹೊಂಗಡಹಳ್ಳದ ಕಡೆಯ ಎಸ್ಟೇಟೊಂದರ ಜೀಪು ಬಂತು. ಎಷ್ಟು ಹೇಳಿದರೂ ಮೈದುನ ಟಾರ್ಪಾಲು ಇಳಿಬಿಟ್ಟ. "ನಿಮ್ ಪೇಪರ್ ಓದ್ಕಂಡ್ ಕೂತ್ರೆ ಹೊಟ್ಟೆ ತುಂಬಲ್ಲ ಅತ್ಗೆ. ತೆಗ್ದು ಹೊಡುದ್ರೆ ಮಂಕ್ ಹಿಡೀತೈತೆ. ಮುಚ್ಚಿ ಹೊಡೀದೆ ವಿಧಿ ಇಲ್ಲ." ಸಂಜೆ ಅವನು ಹೊರಗೆ ಬಂದಾಗ ಕಂಬ ಹಿಡಿದುಕೊಂಡೇ ನಿಂತ. ಕಣ್ಣು ಕೆಂಡ. ಮನೆಯ ಮೆಟ್ಟಿಲಿಗೆ ಕಾಲೆಡವಿದ. ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು ನೋಡಿ ಹಣೆ ಚಚ್ಚಿಕೊಂಡರು.

"ಇವ್ನೂ ಸುರು ಹಚ್ಕಂಡ! ಅಣ್ಣನ್ ದಾರಿನೇ ಹಿಡ್ದ!"

"ನಾನ್ ಕುಡ್ದಿಲ್ಲ ಕಣವ್ವ."

"ಅವ್ನೂ ಇಂಗೇ ಅಂತಿದ್ದ. ಇದೇ ಮಾತು."

ನಮ್ಮವರು ತಾವು ಕುಡಿದಿಲ್ಲ ಎಂದು ಅಮ್ಮನಿಗೆ ಹೇಳಿದ್ದರು ಎಂಬುದು ನನಗೆ ಆಗಲೇ ಗೊತ್ತಾದದ್ದು. ಹೇಳಿದ್ದರು, ಅಮ್ಮ ನಂಬಿರಲಿಲ್ಲ.

"ಅತ್ತೆ, ಅವನ ಬಾಯಿ ಮೂಸಿ ನೋಡಿ," ಎಂದೆ. ತಕ್ಷಣ ನನಗೇ ಹೊಳೆಯಿತು, ಬಟ್ಟೆಯ ವಾಸನೆ ಎಂದುಬಿಡುತ್ತಾರೆ. "ಇರಿ, ಹೀಗಲ್ಲ." ಮೈದುನನನ್ನು ಬಚ್ಚಲಿಗೆ ಕಳಿಸಿದೆ. ಬಿಸಿನೀರು ಹಂಡೆಯಲ್ಲಿತ್ತು. ತಲೆಗೂ ಸೀಗೆಪುಡಿ ಹಾಕಿ ತಿಕ್ಕಿಕೊ ಎಂದೆ. ಶೆಡ್ಡಿನ ಬಟ್ಟೆಯನ್ನು ಹೊರಗೆ ಮಳೆಗೆ ಎಸೆದು ಪೆಟ್ಟಿಗೆಯಲ್ಲಿದ್ದ ಒಗೆದ ಪಂಚೆ ಕೊಟ್ಟೆ. ಅವನು ಬೈದುಕೊಳ್ಳುತ್ತ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಒಲೆಯ ಮುಂದೆ ಅತ್ತೆಯ ಎದುರು ಕೂತ.

"ಊದು," ಎಂದೆ.

"ಏನತ್ಗೆ ಇದು, ಪೊಲೀಸ್ನೋರಂಗೆ."

"ಊದೋ ನಿಮ್ಮವ್ವನ ಮುಖಕ್ಕೆ!"

ಊದಿದ. ಅತ್ತೆ ಮುಖ ಹಿಂದಕ್ಕೆ ತೆಗೆದರು. ಮತ್ತೆ ಮುಂದೆ ಬಾಗಿ, ಅವನ ಗಲ್ಲ ಹಿಡಿದು, "ಇನ್ನೊಂದ್ ಕಿತ ಊದು," ಎಂದರು. ಊದಿದ.

"ಸಾರಾಯಲ್ಲ ಇದು," ಎಂದರು. "ಶೆಡ್ಡಿನ್ ವಾಸ್ನೆ."

"ಹೌದು ಅತ್ತೆ."

"ತಾನ ಮಾಡವ್ನಲ್ಲ?"

"ಮಾಡಿದಾನೆ."

"ಅಂಗಾರೆ ಒಳಗಿಂದ ಬತ್ತೈತೆ."

ಓದಿದ್ದನ್ನೆಲ್ಲ ಹೇಳಬೇಕೆಂದು ಮನಸ್ಸಿನಲ್ಲೇ ಎಷ್ಟೋ ಸಲ ಜೋಡಿಸಿಟ್ಟುಕೊಂಡಿದ್ದೆ, ಒಂದೂ ಬೇಕಾಗಲಿಲ್ಲ. ಅತ್ತೆ ಅವನ ಗಲ್ಲವನ್ನು ಹಿಡಿದ ಕೈ ಹಾಗೇ ಇಟ್ಟುಕೊಂಡು ಒಲೆಯ ಬೆಂಕಿ ನೋಡುತ್ತ ಕೂತರು.

"ದೊಡ್ಡೋನ್ ಬಾಯ ನಾನು ಒಂದ್ ದಿನಾನೂ ಮೂಸ್ಲಿಲ್ಲ," ಎಂದರು.

ಆಮೇಲೆ ಎದ್ದು, ಸೌದೆ ಸೀಳುವ ಕತ್ತಿ ತೆಗೆದುಕೊಂಡು ಶೆಡ್ಡಿಗೆ ಹೋದರು. ಮೈದುನನಿಗೆ ಅರ್ಥವಾಗುವಷ್ಟರಲ್ಲಿ ಒಂದು ಕಡೆಯ ಹಗ್ಗ ತುಂಡಾಗಿತ್ತು.

"ಅವ್ವಾ! ಬಣ್ಣ ಇನ್ನೂ ಒಣಗಿಲ್ಲ ಕಣವ್ವ! ಜೀಪ್ ಹಾಳಾಯ್ತದೆ!"

"ಹಾಳಾಗ್ಲಿ. ಜೀಪ್ ಇನ್ನೊಂದ್ ಬತ್ತೈತೆ."

ಇನ್ನೊಂದು ಕಡೆಯದನ್ನು ನಾನು ಬಿಚ್ಚಿದೆ. ಟಾರ್ಪಾಲು ಕೆಳಗೆ ಬಿತ್ತು, ಒಳಗೆ ತುಂಬಿದ್ದ ಗಾಳಿ ನಮ್ಮ ಮುಖಕ್ಕೆ ಬಡಿದು ಹೆದ್ದಾರಿಯ ಕಡೆ ಹೋಯಿತು. ಘಾಟಿಯಿಂದ ಎದ್ದ ಮಂಜು ಶೆಡ್ಡಿನೊಳಗೆ ನುಗ್ಗಿತು. ಬಲ್ಬಿನ ಬೆಳಕಿನಲ್ಲಿ ಹೊಳೆಯುತ್ತಿದ್ದ ಹಸಿರು ಬಾನೆಟ್ಟು ನಾವು ನೋಡುತ್ತಿದ್ದಂತೆ ಮಂಕಾಗಿ ಬೆಳ್ಳಗಾಯಿತು.

ಮರುದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದರು. ಜೀಪಿನ ಸುತ್ತ ಒಂದು ಸುತ್ತು ಬಂದು, ಬೆರಳಲ್ಲಿ ಉಜ್ಜಿ ನೋಡಿದರು.

"ಏನಯ್ಯಾ ಇದು, ಜೀಪಿಗೆ ಬೂಷ್ಟು ಹಿಡ್ದೈತಲ್ಲ! ಸಾಹೇಬ್ರಿಗೆ ನಾನೇನ್ ಹೇಳ್ಲಿ?"

ಮೈದುನ ಬಾಯಿ ತೆರೆಯುವ ಮೊದಲು ಅತ್ತೆ ಮುಂದೆ ಬಂದರು.

"ಬಿಸ್ಲು ಬಿದ್ಮೇಲೆ ತಿರ್ಗ ಹೊಡ್ದು ಕೊಡ್ತಾನೆ. ಮಳೇಲಿ ಇನ್ಮೇಲ್ ಹೊಡಿಯಲ್ಲ ಅಂತ ಹೇಳಿ."

"ಬಿಸ್ಲು ಬಿದ್ಮೇಲೆ ಜೀಪಿಗೆ ಪುರ್ಸೊತ್ತೆಲ್ಲೈತೆ ಅಜ್ಜಿ? ಬೇರೆ ಶೆಡ್ಡಿಗೆ ಒಯ್ತೀನಿ."

"ಒಯ್ಯಪ್ಪ. ಅಲ್ಲಿ ಹೊಡ್ಯೋನು ಸಂಜೆ ಈಚೆ ಬಂದಾಗ, ಒಂದ್ಸಲ ಅವನ್ ಬಾಯ್ ಮೂಸ್ ನೋಡು. ನನ್ ಸೊಸೆ ಎಲ್ಲ ಓದವ್ಳೆ, ಕೇಳ್ಕಂಡ್ ಹೋಗು."

ರೈಟರು ನನ್ನ ಕಡೆ ತಿರುಗಿದರು. ನಾನು ಹೇಳಿದೆ. ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಎಂದು ಎರಡನ್ನೂ ಹೇಳಿದೆ. ಅವರು ಅರ್ಧಕ್ಕೇ ಗಡಿಯಾರ ನೋಡಿಕೊಂಡರು. ನಾನು ನಿಲ್ಲಿಸಲಿಲ್ಲ, ಪೂರ್ತಿ ಹೇಳಿದೆ. ಆಮೇಲೆ ಅವರು ಮಂಕು ಹಿಡಿದ ಅದೇ ಜೀಪು ಹತ್ತಿ ಸಕಲೇಶಪುರದ ಕಡೆ ಹೊರಟರು.

ಮೈದುನ ಆ ಮಳೆಗಾಲ ಪೂರ್ತಿ ತಗಡು ಬಡಿದ. ಬಣ್ಣಕ್ಕೆ ಬಂದವರಿಗೆ, ಬೇಸಿಗೆಗೆ ಬನ್ನಿ, ಬಯಲಲ್ಲಿ ನಿಲ್ಲಿಸಿ ಹೊಡೆಯುತ್ತೇವೆ ಎಂದೆವು. ಕೆಲವರು ಬಂದರು, ಹೆಚ್ಚಿನವರು ಬರಲಿಲ್ಲ.